ಸಿಲ್ಲಿ, ಡನ್ಸ್, ಇಡಿಯಟ್, ಮೋರಾನ್: ದಡ್ಡರು ಅನ್ನಿಸಿಕೊಂಡವರು ಯಾರು?

ಇಂಗ್ಲಿಷಿನಲ್ಲಿ ಯಾರನ್ನಾದರೂ ದಡ್ಡ ಅಂತ ಬೈಯಬೇಕಾದರೆ ಪದಗಳಿಗೆ ಬರವಿಲ್ಲ. ಫೂಲ್, ಸ್ಟುಪಿಡ್, ಇಡಿಯಟ್, ಡಂಬ್, ಮೋರಾನ್, ಡನ್ಸ್, ಡಾಫ್ಟ್... ನಮ್ಮಲ್ಲೂ ಕಡಿಮೆ ಏನಿಲ್ಲ ಬಿಡಿ. ಪೆದ್ದ, ಹೆಡ್ಡ, ಬೆಪ್ಪ, ಗುಗ್ಗು, ಗಾಂಪ, ಬೆಪ್ಪುತಕ್ಕಡಿ ಅಂತ ಒಂದೇ ಉಸಿರಿಗೆ ಅರ್ಧ ಡಜನ್ ಹೇಳಿಬಿಡಬಹುದು. ಆದರೆ ಇಂಗ್ಲಿಷಿನ ಪದಗಳ ಚರಿತ್ರೆಯನ್ನು ಹುಡುಕುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಅವುಗಳಲ್ಲಿ ಬಹಳಷ್ಟು ಬೈಗುಳವಾಗಿ ಹುಟ್ಟಿದವೇ ಅಲ್ಲ. ಒಂದು ಆಶೀರ್ವಾದದ ಮಾತಾಗಿತ್ತು. ಒಂದು ಯುರೋಪಿನ ಮಹಾ ಪಂಡಿತನೊಬ್ಬನ ಊರಿನ ಹೆಸರು. ಒಂದು ಆಸ್ತಿ ಕಾನೂನಿನ ಶಬ್ದ. ಇನ್ನೊಂದನ್ನು 1910ರಲ್ಲಿ ಮನಃಶಾಸ್ತ್ರಜ್ಞನೊಬ್ಬ ಕೂತು ಹೊಸದಾಗಿ ತಯಾರಿಸಿದ. ಒಳ್ಳೆಯದೋ ಸಾಮಾನ್ಯವೋ ಆಗಿದ್ದ ಈ ಪದಗಳು ಬೈಗುಳವಾದ ದಾರಿಯನ್ನು ನೋಡಿದರೆ, ಯಾವ ಕಾಲದಲ್ಲಿ ಯಾರು ಯಾರನ್ನು ಕೀಳಾಗಿ ಕಾಣುತ್ತಿದ್ದರು ಅನ್ನುವುದು ಸಾಕಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ದಡ್ಡತನದ ಬಗ್ಗೆ ಅವು ಹೇಳುವುದು ಕಡಿಮೆ. ಬೈದವರ ಬಗ್ಗೆ ಹೇಳುವುದೇ ಜಾಸ್ತಿ.

ಸಿಲ್ಲಿ ಅನ್ನುವ ಪದದಿಂದ ಶುರು ಮಾಡೋಣ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ಸುಖಿ, ಭಾಗ್ಯವಂತ ಅನ್ನುವ ಅರ್ಥ. ಜರ್ಮನ್ ಭಾಷೆಯಲ್ಲಿ ಇದರ ಒಡಹುಟ್ಟಿದ ಪದ ಇವತ್ತಿಗೂ ದೈವಕೃಪೆ ಪಡೆದವರಿಗೇ ಬಳಕೆಯಾಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ದೇವರ ಕೃಪೆ ಇರುವವನು ಭಕ್ತ. ಭಕ್ತ ಅಂದರೆ ಕಪಟ ಗೊತ್ತಿಲ್ಲದವನು. ಕಪಟ ಗೊತ್ತಿಲ್ಲದವನಿಗೆ ಎಲ್ಲರೂ ಮೋಸ ಮಾಡುತ್ತಾರೆ, ಹಾಗಾಗಿ ಅಯ್ಯೋ ಪಾಪ. ಅಯ್ಯೋ ಪಾಪ ಅನ್ನಿಸಿಕೊಳ್ಳುವವನು ಕೈಲಾಗದವನು. 16ನೇ ಶತಮಾನ ಮುಗಿಯುವ ಹೊತ್ತಿಗೆ, ಅವನು ದಡ್ಡ. ಯಾರೂ ಒಂದು ದಿನ ಎದ್ದು ಈ ಪದದ ಅರ್ಥವನ್ನು ತಿರುಚಲಿಲ್ಲ. ಒಂದೊಂದು ತಲೆಮಾರು ಒಂದೊಂದು ಮೆಟ್ಟಿಲು ಇಳಿಸಿತು ಅಷ್ಟೇ.

ಇದು ನಮಗೆ ಅಷ್ಟೇನೂ ಅಪರಿಚಿತವಲ್ಲ. ‘ಅವನು ತುಂಬಾ ಸಾಧು’ ಅಂತ ಯಾರಾದರೂ ಹೇಳಿದಾಗ ಅದು ಹೊಗಳಿಕೆಯೋ ಅಲ್ಲವೋ ಅಂತ ಒಂದು ಕ್ಷಣ ಯೋಚಿಸಬೇಕಾಗುತ್ತದೆ ಅಲ್ವಾ? ಕರಾವಳಿಯಲ್ಲಿ ‘ಪಾಪದವ’ ಅಂದರೆ ಪಾಪ ಮಾಡಿದವನಲ್ಲ, ಯಾರ ತಂಟೆಗೂ ಹೋಗದವನು. ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲೇ ಅಶೋಕ ಅನ್ನುವ ಹೆಸರೂ ‘ದೇವಾನಾಂಪ್ರಿಯ’ ಅನ್ನುವ ಬಿರುದೂ ಒಟ್ಟಿಗೆ ಕಂಡದ್ದು. ದೇವರಿಗೆ ಪ್ರಿಯನಾದವನು ಅನ್ನುವ ಈ ಬಿರುದು, ಆಮೇಲಿನ ಸಂಸ್ಕೃತ ವ್ಯಾಕರಣದ ಪುಸ್ತಕಗಳಲ್ಲಿ ಮೂರ್ಖ ಅನ್ನುವ ಅರ್ಥಕ್ಕೆ ಬಂದು ನಿಂತಿತು. ಬೌದ್ಧ ರಾಜನ ಮೇಲಿನ ಅಸಹನೆಯೇ ಇದಕ್ಕೆ ಕಾರಣ ಅನ್ನುವವರೂ ಇದ್ದಾರೆ, ದೇವರಿಗೆ ಪ್ರಿಯ ಅನ್ನುವುದು ವ್ಯಂಗ್ಯವಾಯಿತು ಅನ್ನುವವರೂ ಇದ್ದಾರೆ. ಏನೇ ಇರಲಿ, ಇಂಗ್ಲೆಂಡಿನ ಸಿಲ್ಲಿಗೂ ಚಕ್ರವರ್ತಿಯ ಬಿರುದಿಗೂ ಆದ ಗತಿ ಒಂದೇ. ಒಳ್ಳೆಯವರಿಗೆ ಲೋಕಜ್ಞಾನ ಇರುವುದಿಲ್ಲ ಅನ್ನುವ ಗುಮಾನಿ ಎಲ್ಲಾ ಕಡೆ ಇದ್ದಂತಿದೆ.

ಡಾಫ್ಟ್ ಮತ್ತು ಡೆಫ್ಟ್ ಅನ್ನುವ ಜೋಡಿ ಇನ್ನೂ ಮಜವಾಗಿದೆ. ಮೊದಲನೆಯದಕ್ಕೆ ಈಗ ಪೆದ್ದ ಅಂತ ಅರ್ಥ, ಎರಡನೆಯದಕ್ಕೆ ಕೈಚಳಕ ಇರುವವನು ಅಂತ. ಎರಡೂ ಒಂದೇ ಹಳೆಯ ಪದದ ಮಕ್ಕಳು. ತಕ್ಕುದಾದ, ಸೌಮ್ಯವಾದ ಅನ್ನುವುದು ಅದರ ಅರ್ಥವಾಗಿತ್ತು. ತಕ್ಕ ಹಾಗೆ ಮಾಡುವವನು ನಿಪುಣನಾದ, ಸೌಮ್ಯವಾಗಿರುವವನು ಪೆದ್ದನಾದ. ನಮ್ಮ ಮುಗ್ಧ ಮತ್ತು ಮೂಢ ಕೂಡ ಹೀಗೆಯೇ ಒಂದೇ ಧಾತುವಿನಿಂದ ಹುಟ್ಟಿದ ಅಣ್ಣತಮ್ಮಂದಿರು. ಒಬ್ಬನನ್ನು ಮುದ್ದು ಮಾಡುತ್ತೇವೆ, ಇನ್ನೊಬ್ಬನ ಜೊತೆ ನಂಬಿಕೆ ಅನ್ನುವ ಪದ ಸೇರಿಸಿ ಕಾಯ್ದೆ ಮಾಡುತ್ತೇವೆ.

ಕೆಳಗಿಳಿದ ಹಾಗೆ ಮೇಲೆ ಹತ್ತಿದವೂ ಇವೆ, ಆದರೆ ಕಡಿಮೆ. ಎಲ್ಲರಿಗೂ ಗೊತ್ತಿರುವ ನೈಸ್ ಅನ್ನುವ ಪದ ಲ್ಯಾಟಿನ್ನಿನಲ್ಲಿ ‘ತಿಳಿಯದವನು’ ಅನ್ನುವುದರಿಂದ ಬಂದದ್ದು. 1300ರ ಸುಮಾರಿಗೆ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂದಾಗ ನೈಸ್ ಅಂದರೆ ದಡ್ಡ. ಆಮೇಲೆ ಅತಿ ನಾಜೂಕಿನವನು, ಆಮೇಲೆ ಸೂಕ್ಷ್ಮವಾಗಿ ಗಮನಿಸುವವನು, 18ನೇ ಶತಮಾನದಲ್ಲಿ ಚೆನ್ನಾಗಿರುವುದು, ಹಿತವಾದದ್ದು. ಈಗ ದೋಸೆಗೂ ನೈಸ್, ಅಳಿಯನಿಗೂ ನೈಸ್. ಫಾಂಡ್ ಅನ್ನುವುದೂ ಹಾಗೆ. ಯಾರ ಮೇಲಾದರೂ ತುಂಬಾ ಪ್ರೀತಿ ಇದೆ ಅನ್ನೋಕೆ ಈಗ ಬಳಸುವ ಈ ಪದಕ್ಕೆ ಮೊದಲು ಇದ್ದ ಅರ್ಥ ಬುದ್ಧಿಗೆಟ್ಟವನು. ಶೇಕ್ಸ್‌ಪಿಯರನ ಲಿಯರ್ ಮಹಾರಾಜ ಕೊನೆಗೆ ತನ್ನನ್ನು ಫಾಂಡ್ ಅಂತ ಕರೆದುಕೊಳ್ಳುವುದು ಈ ಅರ್ಥದಲ್ಲೇ. ಪ್ರೀತಿ ಮಾಡಿದವನಿಗೆ ಬುದ್ಧಿ ಕೆಟ್ಟಿರುತ್ತದೆ ಅನ್ನುವುದರಿಂದ, ಬುದ್ಧಿ ಕೆಟ್ಟವನು ಪ್ರೀತಿಸುವವನಾದ.

ಇನ್ನು ಹಳ್ಳಿಯವರು. ಇದನ್ನು ಬೇಗ ಮುಗಿಸಬಹುದು, ಯಾಕೆಂದರೆ ಇದರ ಹಿಂದಿನ ಮನಸ್ಸು ನಮಗೆ ಚೆನ್ನಾಗಿ ಗೊತ್ತು. ಬೂರ್ ಅಂದರೆ ರೈತ, ದಕ್ಷಿಣ ಆಫ್ರಿಕಾದ ಬೋಯರ್ ಅನ್ನುವುದೂ ಅದೇ. ವಿಲನ್ ಅಂದರೆ ಜಮೀನ್ದಾರನ ತೋಟದಲ್ಲಿ ದುಡಿಯುವವನು. ಕ್ಲೌನ್ ಅನ್ನುವ ಪದವೂ ಇಂಗ್ಲಿಷಿನಲ್ಲಿ ಮೊದಲು ಕಾಣಿಸಿಕೊಂಡದ್ದು ಹಳ್ಳಿಗನಿಗೆ. ಒಬ್ಬ ಒರಟನಾದ, ಒಬ್ಬ ದುಷ್ಟನಾದ, ಒಬ್ಬ ಸರ್ಕಸ್ಸಿಗೆ ಹೋದ. ನಮ್ಮ ‘ಹಳ್ಳಿ ಗಮಾರ’ದಲ್ಲಿ ಗಮಾರ ಅನ್ನುವುದಕ್ಕೂ ಹಿಂದಿಯ ಮೂಲದಲ್ಲಿ ಊರಿನವನು ಅಂತಲೇ ಅರ್ಥ. ಹಾಗಾಗಿ ಹಳ್ಳಿ ಗಮಾರ ಅಂದರೆ ಹಳ್ಳಿ ಹಳ್ಳಿಗ, ಎರಡು ಸಲ ಬೈದ ಹಾಗೆ. ಪದಗಳನ್ನು ಬರೆದಿಟ್ಟವರು ಪಟ್ಟಣದವರು. ಹೊಲದಲ್ಲಿದ್ದವರು ಪಟ್ಟಣದವರನ್ನು ಏನೆಂದು ಬೈಯುತ್ತಿದ್ದರೋ ಯಾರೂ ಬರೆದಿಡಲಿಲ್ಲ.

ಪ್ರಾಣಿ ಪಕ್ಷಿಗಳನ್ನೂ ಬಿಟ್ಟಿಲ್ಲ. ಬೂಬಿ ಅನ್ನುವ ಸಮುದ್ರದ ಹಕ್ಕಿಗೆ ಆ ಹೆಸರು ಬಂದದ್ದು ಸ್ಪ್ಯಾನಿಷಿನ ದಡ್ಡ ಅನ್ನುವ ಪದದಿಂದ, ಮನುಷ್ಯರನ್ನು ಕಂಡರೆ ಹೆದರದೆ ಕೈಗೆ ಸಿಗುತ್ತಿತ್ತು ಅನ್ನುವುದೊಂದೇ ಅದರ ತಪ್ಪು. ಮಾರಿಷಸ್ಸಿನ ಡೋಡೋಗೂ ಪೋರ್ಚುಗೀಸಿನ ದಡ್ಡ ಅನ್ನುವ ಪದದಿಂದಲೇ ಹೆಸರು ಬಂತು ಎನ್ನುತ್ತಾರೆ. ಹಡಗಿನವರು ಬಂದು ಕೆಲವೇ ದಶಕಗಳಲ್ಲಿ ಅದರ ವಂಶವೇ ಅಳಿಯಿತು. ಯಾರು ದಡ್ಡರು ಅಂತ ನೀವೇ ಹೇಳಿ. ಅಂದಹಾಗೆ, ನಾವು ಬೈಯೋಕೆ ಬಳಸುವ ಗೂಬೆ ಅವರಲ್ಲಿ ಜ್ಞಾನದ ಗುರುತು.

ಫೂಲ್ ಅನ್ನುವ ಪದದ ಬೇರು ಲ್ಯಾಟಿನ್ನಿನ ಚೀಲದಲ್ಲಿದೆ. ಕಮ್ಮಾರನ ಕುಲುಮೆಗೆ ಗಾಳಿ ಊದುವ ಚರ್ಮದ ತಿದಿಗೆ ಅಲ್ಲಿ ಫೋಲಿಸ್ ಅನ್ನುತ್ತಿದ್ದರು. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲದವನು ಫೂಲ್. ಸ್ಟುಪಿಡ್ ಅನ್ನುವುದು ದಂಗಾಗಿ ನಿಂತವನು, ಪೆಟ್ಟು ತಿಂದು ಮಂಕಾದವನು. ಡಂಬ್ ಅಂದರೆ ಬರೀ ಮೂಕ. ಅಮೆರಿಕದಲ್ಲಿ ಅದು ದಡ್ಡ ಆದದ್ದರ ಹಿಂದೆ ಅಲ್ಲಿಗೆ ವಲಸೆ ಬಂದ ಜರ್ಮನ್ನರ ಪ್ರಭಾವವಿದೆ, ಅವರ ಭಾಷೆಯಲ್ಲಿ ಹೆಚ್ಚು ಕಡಿಮೆ ಅದೇ ಸದ್ದಿನ ಪದಕ್ಕೆ ದಡ್ಡ ಅನ್ನುವ ಅರ್ಥ ಇತ್ತು. ಮಾತು ಬಾರದವನಿಗೆ ಬುದ್ಧಿಯೂ ಇಲ್ಲ ಅನ್ನುವ ಕ್ರೂರ ಲೆಕ್ಕ ಮಾತ್ರ ಅದಕ್ಕಿಂತ ಹಳೆಯದು.

ನನಗೆ ಇವೆಲ್ಲಕ್ಕಿಂತ ಅನ್ಯಾಯ ಅನ್ನಿಸುವುದು ಡನ್ಸ್ ಕಥೆ. ಜಾನ್ ಡನ್ಸ್ ಸ್ಕೋಟಸ್ ಅಂತ ಒಬ್ಬ ಸನ್ಯಾಸಿ ಇದ್ದ. ಸುಮಾರು 1266ರಲ್ಲಿ ಸ್ಕಾಟ್ಲೆಂಡಿನ ಡನ್ಸ್ ಅನ್ನುವ ಊರಲ್ಲಿ ಹುಟ್ಟಿದವನು. ಆಕ್ಸ್‌ಫರ್ಡಿನಲ್ಲೂ ಪ್ಯಾರಿಸ್ಸಿನಲ್ಲೂ ಪಾಠ ಹೇಳಿ 1308ರಲ್ಲಿ ಕಲೋನ್ ಪಟ್ಟಣದಲ್ಲಿ ತೀರಿಕೊಂಡ. ತರ್ಕದಲ್ಲಿ ಎಷ್ಟು ಚುರುಕು ಅಂದರೆ, ಅವನಿಗೆ ‘ಸೂಕ್ಷ್ಮ ಪಂಡಿತ’ ಅನ್ನುವ ಬಿರುದೇ ಇತ್ತು. ಇನ್ನೂರು ವರ್ಷ ವಿಶ್ವವಿದ್ಯಾಲಯಗಳಲ್ಲಿ ಅವನ ಪುಸ್ತಕ, ಅವುಗಳ ಮೇಲಿನ ಟೀಕೆ, ಆ ಟೀಕೆಯ ಮೇಲೆ ಮತ್ತೊಂದು ಟಿಪ್ಪಣಿ, ಇದೇ ಓದು. 16ನೇ ಶತಮಾನದಲ್ಲಿ ಗಾಳಿ ತಿರುಗಿತು. ಗ್ರೀಕ್ ಮತ್ತು ಒಳ್ಳೆಯ ಲ್ಯಾಟಿನ್ ಓದಬೇಕು, ಮೂಲಗ್ರಂಥಕ್ಕೆ ವಾಪಸ್ ಹೋಗಬೇಕು ಅನ್ನುವ ಹೊಸ ಪಂಡಿತರು ಬಂದರು. ಚರ್ಚನ್ನು ಸುಧಾರಿಸಬೇಕು ಅನ್ನುವವರೂ ಅವರ ಜೊತೆ ಸೇರಿದರು. ಹಳೆಯ ತರ್ಕ ಬಿಡಲೊಲ್ಲದ ಡನ್ಸ್ ಶಿಷ್ಯರನ್ನು ಅವರು ‘ಡನ್ಸ್‌ಮನ್’ ಅಂತ ಹಂಗಿಸತೊಡಗಿದರು. ಮೊದಮೊದಲು ಅದಕ್ಕೆ ಕೂದಲು ಸೀಳುವವನು, ಸುಮ್ನೆ ವಾದ ಮಾಡುವವನು ಅನ್ನುವ ಅರ್ಥ ಇತ್ತು. ಗಮನಿಸಿ, ಬುದ್ಧಿ ಇಲ್ಲ ಅಂತಲ್ಲ, ಬುದ್ಧಿ ಅತಿಯಾಯಿತು ಅಂತ.

1535ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ತನ್ನ ಅಧಿಕಾರಿಗಳನ್ನು ಆಕ್ಸ್‌ಫರ್ಡಿಗೆ ಕಳಿಸಿದ. ರಾಜ ಆಗಷ್ಟೇ ರೋಮಿನ ಪೋಪನಿಂದ ಬಿಡಿಸಿಕೊಂಡಿದ್ದ, ಪಠ್ಯಕ್ರಮವೂ ಬದಲಾಗಬೇಕಿತ್ತು. ಹೋದವರಲ್ಲಿ ರಿಚರ್ಡ್ ಲೇಟನ್ ಅನ್ನುವವನೊಬ್ಬ. ಅವನು ಕ್ರಾಮ್‌ವೆಲ್‌ಗೆ ಬರೆದ ಪತ್ರ ಇವತ್ತಿಗೂ ಇದೆ, ಅದರಲ್ಲಿರುವ ಖುಷಿ ನೋಡಬೇಕು. ಡನ್ಸ್‌ನನ್ನು ಬೊಕಾರ್ಡೋಗೆ ಹಾಕಿದ್ದೇವೆ ಅಂತ ಬರೆಯುತ್ತಾನೆ. ಬೊಕಾರ್ಡೋ ಅಂದರೆ ಆಕ್ಸ್‌ಫರ್ಡಿನ ಜೈಲು. ತರ್ಕಶಾಸ್ತ್ರದ ಒಂದು ವಾದಸರಣಿಗೂ ಅದೇ ಹೆಸರಿದೆ, ಹಾಗಾಗಿ ಆ ಸಾಲಿನಲ್ಲಿ ಒಂದು ಕುಹಕವೂ ಇದೆ. ಡನ್ಸ್ ಪುಸ್ತಕದ ಹಾಳೆಗಳನ್ನು ಕಿತ್ತು ಪಾಯಿಖಾನೆಗಳಲ್ಲಿ ಮೊಳೆ ಹೊಡೆದು ತೂಗುಹಾಕಿದ್ದರಂತೆ, ಯಾವ ಕೆಲಸಕ್ಕೆ ಅಂತ ಬೇರೆ ಹೇಳಬೇಕಿಲ್ಲ. ಎರಡನೇ ಸಲ ಲೇಟನ್ ನ್ಯೂ ಕಾಲೇಜಿಗೆ ಹೋದಾಗ ಅಂಗಳದ ತುಂಬಾ ಹರಿದ ಹಾಳೆಗಳು, ಗಾಳಿಗೆ ಮೂಲೆ ಮೂಲೆಗೆ ಹಾರುತ್ತಿವೆ. ಬಕಿಂಗ್‌ಹ್ಯಾಮ್‌ಶೈರಿನ ಸಾಹುಕಾರನೊಬ್ಬ ಅವನ್ನು ಆರಿಸಿಕೊಳ್ಳುತ್ತಿದ್ದ. ಓದೋಕಲ್ಲ. ಕಾಡಿನ ಅಂಚಿನಲ್ಲಿ ಕಟ್ಟಿ ಜಿಂಕೆಗಳನ್ನು ಬೆದರಿಸೋಕೆ, ಅವು ಕಾಡು ಬಿಟ್ಟು ಹೊರಗೆ ಓಡದಿದ್ದರೆ ತನ್ನ ಬೇಟೆನಾಯಿಗಳಿಗೆ ಅನುಕೂಲ ಅಂತ.

ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನು ನಲವತ್ತು ವರ್ಷ ಕಳೆಯುವಷ್ಟರಲ್ಲಿ ಡನ್ಸ್ ಅಂದರೆ ಪಾಠ ತಲೆಗೆ ಹತ್ತದವನು ಅನ್ನುವ ಅರ್ಥ ಗಟ್ಟಿಯಾಯಿತು. ಕ್ಲಾಸಿನ ಮೂಲೆಯಲ್ಲಿ ಮಕ್ಕಳ ತಲೆಗೆ ಇಡುತ್ತಿದ್ದ ಆ ಚೂಪು ಟೋಪಿ ಬಂದದ್ದು ಬಹಳ ಆಮೇಲೆ, ಅದು 19ನೇ ಶತಮಾನದ ಶಾಲೆಗಳ ಚಿತ್ರ. ಸೋತ ಪಕ್ಷದ ಗುರು ಅನ್ನುವುದು ಬಿಟ್ಟರೆ ಡನ್ಸ್ ಸ್ಕೋಟಸ್ ಮಾಡಿದ ತಪ್ಪೇನೂ ಕಾಣುವುದಿಲ್ಲ. 1993ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವನನ್ನು ಪುನೀತರ ಸಾಲಿಗೆ ಸೇರಿಸಿದರು. ತತ್ವಶಾಸ್ತ್ರ ಓದುವವರು ಅವನನ್ನು ಈಗಲೂ ಗಂಭೀರವಾಗಿ ಓದುತ್ತಾರೆ. ನಿಘಂಟು ಮಾತ್ರ ಬದಲಾಗಿಲ್ಲ.

ಇಡಿಯಟ್ ಪದದ್ದು ಬೇರೆಯೇ ದಾರಿ. ಗ್ರೀಕ್ ಭಾಷೆಯಲ್ಲಿ ಈಡಿಯೋಸ್ ಅಂದರೆ ತನ್ನದು, ಸ್ವಂತದ್ದು. ಅದರಿಂದ ಬಂದ ಇಡಿಯೋಟೇಸ್ ಅಂದರೆ ಖಾಸಗಿ ಮನುಷ್ಯ, ಸರ್ಕಾರಿ ಹುದ್ದೆ ಇಲ್ಲದವನು, ಒಂದು ವಿದ್ಯೆಯ ಪರಿಣತಿ ಇಲ್ಲದವನು. ರಾಜಕೀಯಕ್ಕೆ ಬಾರದವರನ್ನೆಲ್ಲ ಗ್ರೀಕರು ಇಡಿಯಟ್ ಅಂತ ಬೈಯುತ್ತಿದ್ದರು ಅನ್ನುವ ಸಂದೇಶ ಪ್ರತಿ ಚುನಾವಣೆಯಲ್ಲೂ ಮೊಬೈಲಿಗೆ ಬರುತ್ತದೆ, ಅದು ಸ್ವಲ್ಪ ಉಬ್ಬಿಸಿದ ಮಾತು. ವೈದ್ಯರ ಮುಂದೆ ವೈದ್ಯನಲ್ಲದವನು ಇಡಿಯೋಟೇಸ್, ಕವಿಯ ಮುಂದೆ ಕವಿಯಲ್ಲದವನು ಇಡಿಯೋಟೇಸ್, ಅಷ್ಟೇ. ನಮ್ಮಂಥ ಸಾಮಾನ್ಯರು ಅನ್ನಿ. ಬೈಬಲ್ಲಿನ ಗ್ರೀಕ್ ಮೂಲದಲ್ಲಿ ಪೇತ್ರ ಮತ್ತು ಯೋಹಾನರನ್ನೂ ಈ ಪದದಿಂದ ಕರೆದಿದೆ, ಓದು ಬರಹ ಇಲ್ಲದ ಸಾಮಾನ್ಯರು ಅನ್ನುವ ಅರ್ಥದಲ್ಲಿ. ಲ್ಯಾಟಿನ್ನಿಗೆ ಬಂದಾಗ ಸಾಮಾನ್ಯ ಅನ್ನುವುದು ಕಳಚಿ, ಓದಿಲ್ಲದವನು ಅನ್ನುವುದು ಮಾತ್ರ ಉಳಿಯಿತು.

ಇಂಗ್ಲೆಂಡಿನಲ್ಲಿ ಅದು ಕಾನೂನಿನ ಕೈಗೆ ಸಿಕ್ಕಿತು, ಅಲ್ಲಿಂದ ದುಡ್ಡಿನ ವ್ಯವಹಾರ ಶುರು. ಮಧ್ಯಯುಗದ ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಬುದ್ಧಿ ಬೆಳೆಯದ ಜಮೀನ್ದಾರ ಇಡಿಯಟ್. ನಡುವೆ ಬುದ್ಧಿ ಕೆಟ್ಟವನು ಲುನಾಟಿಕ್, ಅಂದರೆ ಚಂದ್ರನ ಕಾಟದವನು. ಇಬ್ಬರ ಆಸ್ತಿಯನ್ನೂ ರಾಜ ನೋಡಿಕೊಳ್ಳುತ್ತಿದ್ದ. ಆದರೆ ವ್ಯತ್ಯಾಸ ಇಲ್ಲಿದೆ: ಲುನಾಟಿಕ್ ಗುಣವಾಗಬಹುದು, ಹಾಗಾಗಿ ಅವನ ಜಮೀನಿನ ಆದಾಯದಲ್ಲಿ ಅವನ ಮತ್ತು ಮನೆಯವರ ಖರ್ಚು ಕಳೆದು ಉಳಿದದ್ದನ್ನು ಅವನಿಗೇ ಇಡಬೇಕು. ಇಡಿಯಟ್ ಗುಣವಾಗುವುದಿಲ್ಲ, ಅವನಿಗೆ ಊಟ ಬಟ್ಟೆ ಕೊಟ್ಟು ಮಿಕ್ಕಿದ್ದನ್ನು ರಾಜ ಇಟ್ಟುಕೊಳ್ಳಬಹುದು, ಅವನು ಸತ್ತ ಮೇಲೆ ವಾರಸುದಾರರಿಗೆ ಭೂಮಿ ವಾಪಸ್. ಹಾಗಾಗಿ ಒಬ್ಬನಿಗೆ ಯಾವ ಹೆಸರು ಬೀಳುತ್ತದೆ ಅನ್ನುವುದು ಖಜಾನೆಯ ಪ್ರಶ್ನೆ. ಪರೀಕ್ಷೆ ಹೇಗೆ ಅಂತಲೂ 16ನೇ ಶತಮಾನದ ನ್ಯಾಯಾಧೀಶ ಆಂಟನಿ ಫಿಟ್ಜ್‌ಹರ್ಬರ್ಟ್ ಬರೆದಿಟ್ಟಿದ್ದಾನೆ: 20 ಪೆನ್ನಿ ಎಣಿಸೋಕೆ ಬಾರದವನು, ಅಪ್ಪ ಅಮ್ಮ ಯಾರು ಅಂತ ಹೇಳಲಾರದವನು, ತನ್ನ ವಯಸ್ಸು ಗೊತ್ತಿಲ್ಲದವನು. 1540ರಲ್ಲಿ ಇದಕ್ಕೆಲ್ಲ ಕೋರ್ಟ್ ಆಫ್ ವಾರ್ಡ್ಸ್ ಅನ್ನುವ ಕಚೇರಿಯೇ ಬಂತು. ಅಲ್ಲಿ ಅರ್ಜಿ ಹಾಕಿ, ಇಂಥವನು ದಡ್ಡ, ಅವನನ್ನೂ ಅವನ ಆಸ್ತಿಯನ್ನೂ ನನ್ನ ಸುಪರ್ದಿಗೆ ಕೊಡಿ ಅಂತ ಕೇಳಿಕೊಳ್ಳುವವರು ಎಷ್ಟು ಜನ ಇದ್ದರೆಂದರೆ, ‘ದಡ್ಡನನ್ನು ಬೇಡುವುದು’ ಅನ್ನುವುದು ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟೇ ಆಯಿತು. ಕೋರ್ಟ್ ಆಫ್ ವಾರ್ಡ್ಸ್ ಅನ್ನುವ ಹೆಸರಿನ ವ್ಯವಸ್ಥೆಯನ್ನು ಬ್ರಿಟಿಷರು ಇಲ್ಲಿನ ಜಮೀನ್ದಾರರ ಆಸ್ತಿಗಳಿಗೂ ತಂದರು.

ಕ್ರೆಟಿನ್ ಅನ್ನುವ ಬೈಗುಳದ ಮೂಲ ಕ್ರಿಶ್ಚಿಯನ್ ಅನ್ನುವ ಪದ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಕಣಿವೆಗಳಲ್ಲಿ ಮಣ್ಣಿನಲ್ಲೂ ನೀರಿನಲ್ಲೂ ಅಯೋಡಿನ್ ಕಡಿಮೆ. ಅಲ್ಲಿ ಗಂಟಲಲ್ಲಿ ಗಳಗಂಡ ಇರುವವರು ಬಹಳ, ಅಂಥ ತಾಯಂದಿರಿಗೆ ಹುಟ್ಟಿದ ಕೆಲವು ಮಕ್ಕಳ ದೇಹ ಬುದ್ಧಿ ಎರಡೂ ಬೆಳೆಯುತ್ತಿರಲಿಲ್ಲ. ಇವರೂ ಕ್ರೈಸ್ತರೇ, ನಮ್ಮಂಥ ಮನುಷ್ಯರೇ ಅನ್ನುವ ಕನಿಕರದಿಂದ ಊರವರು ಇಟ್ಟ ಹೆಸರು ಅದು. ಕನಿಕರ ಹೋಯಿತು, ಹೆಸರು ಉಳಿಯಿತು. ಕಾಯಿಲೆಗೆ ಮದ್ದು ಸಿಕ್ಕಿದ್ದು ಅಡುಗೆಮನೆಯಲ್ಲಿ. 1922ರಿಂದ ಸ್ವಿಟ್ಜರ್ಲೆಂಡ್ ಉಪ್ಪಿಗೆ ಅಯೋಡಿನ್ ಬೆರೆಸತೊಡಗಿತು. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನಲ್ಲಿ ಇದೇ ಕಾಟ ಇತ್ತು, 1956ರಲ್ಲಿ ಶುರುವಾದ ಕಾಂಗ್ರಾ ಕಣಿವೆಯ ಪ್ರಯೋಗ ಇಲ್ಲೂ ಉಪ್ಪೇ ಸಾಕು ಅಂತ ತೋರಿಸಿತು. ನಿಮ್ಮ ಉಪ್ಪಿನ ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಅಂತ ಬರೆದಿರುವುದು ಇದಕ್ಕೇ.

ಇನ್ನು ಮೋರಾನ್. ಇದಕ್ಕೆ ಹುಟ್ಟಿದ ವರ್ಷವೇ ಇದೆ. ಹೆನ್ರಿ ಗೊಡಾರ್ಡ್ ಅಮೆರಿಕದ ನ್ಯೂ ಜೆರ್ಸಿಯ ವೈನ್‌ಲ್ಯಾಂಡ್ ಅನ್ನುವ ಊರಲ್ಲಿ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳ ಶಾಲೆಯಲ್ಲಿ ಸಂಶೋಧಕ. 1908ರಲ್ಲಿ ಯುರೋಪಿಗೆ ಹೋದಾಗ ಫ್ರಾನ್ಸಿನ ಆಲ್ಫ್ರೆಡ್ ಬಿನೆ ರೂಪಿಸಿದ ಬುದ್ಧಿ ಪರೀಕ್ಷೆ ಅವನ ಕಣ್ಣಿಗೆ ಬಿತ್ತು. ಬಿನೆಯ ಉದ್ದೇಶ ಸರಳ: ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸುವುದು. ಮಗುವಿನ ಬುದ್ಧಿ ಅಷ್ಟಕ್ಕೇ ನಿಂತಿತು ಅಂತ ಅವನು ಎಂದೂ ಹೇಳಲಿಲ್ಲ. ಗೊಡಾರ್ಡ್ ಅದನ್ನು ಇಂಗ್ಲಿಷಿಗೆ ತಂದು ಬೇರೆಯೇ ಕೆಲಸಕ್ಕೆ ಹಚ್ಚಿದ. ಎರಡು ವರ್ಷದ ಮಗುವಿನಷ್ಟು ಬುದ್ಧಿ ಇರುವ ದೊಡ್ಡವರು ಇಡಿಯಟ್, ಮೂರರಿಂದ ಏಳು ವರ್ಷದಷ್ಟಿದ್ದರೆ ಇಂಬೆಸಿಲ್. ಇವೆರಡೂ ಆಗಲೇ ವೈದ್ಯರ ಬಾಯಲ್ಲಿದ್ದ ಪದಗಳು. ಎಂಟರಿಂದ ಹನ್ನೆರಡು ವರ್ಷದಷ್ಟಿದ್ದವರಿಗೆ ಹೆಸರಿರಲಿಲ್ಲ. ಗ್ರೀಕಿನಲ್ಲಿ ಮಂದ, ದಡ್ಡ ಅನ್ನುವ ಅರ್ಥದ ಮೋರೋಸ್ ಹುಡುಕಿ ತಂದು 1910ರಲ್ಲಿ ಮೋರಾನ್ ಅಂತ ಇಟ್ಟ. ಅವನ ಭಯವೆಲ್ಲ ಈ ಮೂರನೆಯವರ ಬಗ್ಗೆಯೇ. ಯಾಕೆಂದರೆ ಅವರು ನೋಡೋಕೆ ನಮ್ಮ ನಿಮ್ಮ ಹಾಗೆ ಇರುತ್ತಾರೆ, ಮದುವೆ ಆಗುತ್ತಾರೆ, ಮಕ್ಕಳನ್ನು ಹೆರುತ್ತಾರೆ.

ಸಾಲದ್ದಕ್ಕೆ ನ್ಯೂಯಾರ್ಕಿನ ಎಲ್ಲಿಸ್ ದ್ವೀಪಕ್ಕೆ ಹೋಗಿ, ಹಡಗಿನಿಂದ ಆಗಷ್ಟೇ ಇಳಿದ ವಲಸಿಗರನ್ನು ಆರಿಸಿ ದುಭಾಷಿಗಳ ಮೂಲಕ ಪರೀಕ್ಷೆ ಮಾಡಿಸಿದ. ವಾರಗಟ್ಟಲೆ ಮೂರನೇ ದರ್ಜೆಯಲ್ಲಿ ಬಂದು, ಭಾಷೆ ಬಾರದೆ, ವಾಪಸ್ ಕಳಿಸುತ್ತಾರೇನೋ ಅನ್ನುವ ಗಾಬರಿಯಲ್ಲಿ ನಿಂತವರು ಅವರು. ಪರೀಕ್ಷೆಗೆ ಸಿಕ್ಕ ಯಹೂದಿ, ಇಟಾಲಿಯನ್, ಹಂಗೇರಿಯನ್, ರಷ್ಯನ್ನರಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಮಂದಮತಿಗಳು ಅಂತ 1917ರಲ್ಲಿ ಪ್ರಕಟಿಸಿದ. ಅದೇ ವರ್ಷ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೈನಿಕರಿಗೆ ಇಂಥದ್ದೇ ಪರೀಕ್ಷೆ ಮಾಡಿದ ತಂಡದಲ್ಲೂ ಗೊಡಾರ್ಡ್ ಇದ್ದ. ಬಿಳಿಯ ಸೈನಿಕರ ಸರಾಸರಿ ಬುದ್ಧಿಯ ವಯಸ್ಸು ಹದಿಮೂರು ಅಂತ ಲೆಕ್ಕ ಬಂತು. ಹನ್ನೆರಡರವರೆಗೆ ಮೋರಾನ್! ಅಂದರೆ ಅಮೆರಿಕದ ಅರ್ಧದಷ್ಟು ಗಂಡಸರು ಹೆಚ್ಚು ಕಡಿಮೆ ಮೋರಾನ್‌ಗಳೇ. ಈ ಉತ್ತರ ನೋಡಿದಾಗ ಅಳತೆಗೋಲೇ ಸೊಟ್ಟಗಿದೆ ಅಂತ ಹೊಳೆಯಬೇಕಿತ್ತು. ಬದಲಿಗೆ ದೇಶವೇ ಹಾಳಾಗುತ್ತಿದೆ ಅಂತ ಕೆಲವರು ಪುಸ್ತಕ ಬರೆದರು.

ಇದು ಬರೀ ಪದದ ವಿಷಯವಾಗಿ ಉಳಿಯಲಿಲ್ಲ. ವರ್ಜೀನಿಯಾ ರಾಜ್ಯ 1924ರಲ್ಲಿ ಇಂಥವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡುವ ಕಾನೂನು ತಂದಿತು. ಅದರ ಪರೀಕ್ಷೆಗೆ ಸಿಕ್ಕವಳು ಕ್ಯಾರಿ ಬಕ್ ಅನ್ನುವ ಹುಡುಗಿ. ಸಾಕುಮನೆಯವರ ನೆಂಟನೊಬ್ಬನ ಅತ್ಯಾಚಾರದಿಂದ ಬಸಿರಾದ ಅವಳನ್ನು ಅವಳ ತಾಯಿ ಇದ್ದ ಸಂಸ್ಥೆಗೇ ಸೇರಿಸಿದ್ದರು. ಪರೀಕ್ಷೆಯಲ್ಲಿ ಅವಳ ಬುದ್ಧಿಯ ವಯಸ್ಸು ಒಂಬತ್ತು ಅಂತ ಬಂತು, ಅಂದರೆ ಗೊಡಾರ್ಡ್ ಪಟ್ಟಿಯಲ್ಲಿ ಮೋರಾನ್. ಅವಳ ಮಗು ವಿವಿಯನ್‌ಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅದರ ನೋಟದಲ್ಲಿ ಏನೋ ಸರಿಯಿಲ್ಲ ಅಂತ ಸಮಾಜಸೇವಕಿಯೊಬ್ಬಳು ಸಾಕ್ಷಿ ಹೇಳಿದಳು. ಮೂರು ತಲೆಮಾರಿನ ಪುರಾವೆ ಅಂದರೆ ಇಷ್ಟೇ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಟು ಒಂದರ ಬಹುಮತದಿಂದ ಸರಿ ಅಂದಿತು. ತೀರ್ಪು ಬರೆದ ಆಲಿವರ್ ವೆಂಡೆಲ್ ಹೋಮ್ಸ್, ಮೂರು ತಲೆಮಾರಿನ ಇಂಬೆಸಿಲ್‌ಗಳು ಸಾಕು ಅಂತ ಬರೆದ. ತಜ್ಞರ ಪಟ್ಟಿಯ ಪ್ರಕಾರ ಕ್ಯಾರಿಗೆ ಆ ಪದ ಕೂಡ ತಪ್ಪು, ಆದರೆ ಆ ಹೊತ್ತಿಗೆ ದೊಡ್ಡ ಮನುಷ್ಯರ ಬಾಯಲ್ಲಿ ಎಲ್ಲಾ ಪದಗಳೂ ಒಂದೇ ಆಗಿದ್ದವು. ಅವಳಿಗೆ ಅದೇ ವರ್ಷ ಆಪರೇಷನ್ ಆಯಿತು. ವಿವಿಯನ್ ಶಾಲೆಗೆ ಹೋದಳು, 1931ರಲ್ಲಿ ಚೆನ್ನಾಗಿ ಓದುವ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರಿತ್ತು, ಮರುವರ್ಷ ಎಂಟನೇ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಇಂಥ ಕಾನೂನುಗಳಡಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಹೀಗೆ ಮಾಡಿದರು.

ಮೋರಾನ್ ಪದವನ್ನು ಒಪ್ಪಿಕೊಂಡ ತಜ್ಞರ ಸಂಘದ ಹೆಸರನ್ನೇ ನೋಡಿ. 1876ರಲ್ಲಿ ಹುಟ್ಟಿದಾಗ ಅದರ ಹೆಸರಲ್ಲೇ ಇಡಿಯಟ್ ಅನ್ನುವುದಿತ್ತು. ಆಮೇಲೆ ಅದನ್ನು ಬಿಟ್ಟು ಬರೀ ಫೀಬಲ್‌ಮೈಂಡೆಡ್ ಅಂತ ಮಾಡಿದರು. 1933ರಲ್ಲಿ ಮೆಂಟಲ್ ಡಿಫಿಶಿಯೆನ್ಸಿ. 1987ರಲ್ಲಿ ಮೆಂಟಲ್ ರಿಟಾರ್ಡೇಶನ್, ನಿಧಾನ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. 2007ರಲ್ಲಿ ಇಂಟಲೆಕ್ಚುಯಲ್ ಡಿಸೆಬಿಲಿಟಿ. ಪ್ರತಿ ಹೆಸರೂ ಹಿಂದಿನದಕ್ಕಿಂತ ಮರ್ಯಾದೆಯದ್ದು ಅಂತಲೇ ಬಂದದ್ದು. ಅದು ಬಂದ ಸ್ವಲ್ಪ ಕಾಲಕ್ಕೆ ಶಾಲೆಯ ಮೈದಾನದಲ್ಲಿ ಮಕ್ಕಳು ಅದೇ ಪದದಿಂದ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಭಾಷಾ ವಿಜ್ಞಾನಿ ಸ್ಟೀವನ್ ಪಿಂಕರ್ ಇದಕ್ಕೆ ನಯಮಾತಿನ ಟ್ರೆಡ್‌ಮಿಲ್ ಅಂತ ಹೆಸರಿಟ್ಟಿದ್ದಾನೆ, ಎಷ್ಟು ಓಡಿದರೂ ಇದ್ದಲ್ಲೇ ಇರುತ್ತೇವೆ ಅಂತ. ಅವನ ಮಾತು ಮುಕ್ಕಾಲು ಪಾಲು ಸರಿ. ಆದರೂ ಹೆಸರು ಬದಲಿಸುವುದು ವ್ಯರ್ಥ ಅಂತ ನನಗೆ ಅನ್ನಿಸುವುದಿಲ್ಲ. ಮಗುವಿನ ಸರ್ಟಿಫಿಕೇಟಿನ ಮೇಲೆ ಏನು ಬರೆದಿದೆ ಅನ್ನುವುದು ಆ ಮಗುವಿನ ಅಪ್ಪ ಅಮ್ಮನಿಗೆ ಚಿಕ್ಕ ವಿಷಯವಲ್ಲ.

ನಮ್ಮಲ್ಲೂ ಅದೇ ಓಟ. 1912ರ ಭಾರತೀಯ ಲುನಸಿ ಕಾಯ್ದೆಯಲ್ಲಿ ಲುನಾಟಿಕ್ ಅಂದರೆ ಇಡಿಯಟ್ ಅಥವಾ ಬುದ್ಧಿ ಸ್ಥಿಮಿತ ಇಲ್ಲದವನು ಅಂತ ವ್ಯಾಖ್ಯೆ ಇತ್ತು. ಅದನ್ನು ತೆಗೆದು ಹೊಸ ಕಾಯ್ದೆ ಮಾಡೋಕೆ 1987 ಬರಬೇಕಾಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಬುದ್ಧಿಮಾಂದ್ಯ, 2016ರ ಕಾಯ್ದೆಯಲ್ಲಿ ಬೌದ್ಧಿಕ ಅಸಾಮರ್ಥ್ಯವಾಯಿತು. ಬೆಂಗಳೂರಿನ ಲುನಾಟಿಕ್ ಅಸೈಲಮ್ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಎಷ್ಟು ಗಂಭೀರವಾದ ಹೆಸರು, ಎಂಥ ದೊಡ್ಡ ಸಂಸ್ಥೆ. ಆದರೂ ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು’ ಅನ್ನುವ ಮಾತನ್ನು ಕೇಳದ ಬೆಂಗಳೂರಿಗ ಸಿಗುವುದು ಕಷ್ಟ. ಲಂಡನ್ನಿನವರೂ ಇದನ್ನೇ ಮಾಡಿದ್ದರು. 1247ರಲ್ಲಿ ಬೆತ್ಲಹೇಮಿನ ಮೇರಿಯ ಹೆಸರಲ್ಲಿ ಶುರುವಾದ ಮಠ ಮುಂದೆ ಮಾನಸಿಕ ರೋಗಿಗಳ ಆಸ್ಪತ್ರೆಯಾಯಿತು, ಜನರ ಬಾಯಲ್ಲಿ ಬೆಡ್ಲಮ್ ಆಯಿತು, ಈಗ ಬೆಡ್ಲಮ್ ಅಂದರೆ ಬರೀ ಗದ್ದಲ.

ಎಲ್ಲಾ ಕಡೆ ಪದಗಳು ಬದಲಾಗಿಲ್ಲ. ನ್ಯೂ ಜೆರ್ಸಿಯವರು, ಅಂದರೆ ಗೊಡಾರ್ಡ್ ಕೆಲಸ ಮಾಡಿದ ರಾಜ್ಯದವರು, ತಮ್ಮ ಸಂವಿಧಾನದ ಮತದಾನದ ವಿಧಿಯಲ್ಲಿದ್ದ ಇಡಿಯಟ್ ಅನ್ನುವ ಪದವನ್ನು 2007ರಲ್ಲಿ ಓಟು ಹಾಕಿ ತೆಗೆಸಿದರು. ಕೆಂಟಕಿ ರಾಜ್ಯದ 1891ರ ಸಂವಿಧಾನದ 145ನೇ ವಿಧಿಯಲ್ಲಿ ಅದು ಹಾಗೆಯೇ ಇದೆ, ಮಿಸಿಸಿಪ್ಪಿಯ ಸಂವಿಧಾನದಲ್ಲೂ ಇದೆ: ಇಡಿಯಟ್‌ಗಳು ಓಟು ಹಾಕುವಂತಿಲ್ಲ. ಗ್ರೀಸಿನಲ್ಲಿ ಹುದ್ದೆ ಇಲ್ಲದ ಸಾಮಾನ್ಯ ನಾಗರಿಕನಿಗೆ ಇದ್ದ ಹೆಸರನ್ನೇ ಬಳಸಿ, ಆ ನಾಗರಿಕನನ್ನು ಮತಗಟ್ಟೆಯಿಂದ ಹೊರಗಿಟ್ಟಿದ್ದಾರೆ. ವೈದ್ಯಶಾಸ್ತ್ರ ಈ ಪದವನ್ನು ಕೈಬಿಟ್ಟು ದಶಕಗಳೇ ಆದವು. ಹಾಗಾಗಿ ಇಂಥವರು ಇಡಿಯಟ್ ಅಂತ ಸರ್ಟಿಫಿಕೇಟ್ ಬರೆದುಕೊಡುವ ಡಾಕ್ಟರು ಇವತ್ತು ಆ ರಾಜ್ಯಗಳಲ್ಲಿ ಯಾರೂ ಇಲ್ಲ.